ತೆರೆಗೆ ಬೀಸಿದ ಗಾಳಿ

ಬಹಳ ಹಿಂದೆ, ಪ್ರಾಣಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಕಣಗಿಲಾವತಿ ಎಂಬ ಒಂದು ರಾಜ್ಯವಿತ್ತು. ರಾಜ್ಯದ ನಡುವೆ ಕೋಟೆ, ಕೋಟೆಯ ನಡುವೆ ಚೆನ್ನಮಾಧವಸ್ವಾಮಿಯ ಗುಡಿ, ಗುಡಿಯ ಒಳಬಾಗಿಲಲ್ಲಿ ದಿನವೂ ಮಧ್ಯಾಹ್ನ ಬೀಸಣಿಗೆ ಹಿಡಿದು ನಿಲ್ಲುವ ಕದಿರ. ಆ ರಾಜ್ಯದಲ್ಲಿ ರಾಜನೂ ಇದ್ದ, ರಾಣಿಯೂ ಇದ್ದಳು. ಅವರ ಕತೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳುವುದು ಕದಿರನ ಕತೆ.

ಕದಿರ ಮೊರ ಬುಟ್ಟಿ ಹೆಣೆಯುವ ಮನೆಯವನು. ಅವನ ಮನೆತನಕ್ಕೆ ಗುಡಿಯಲ್ಲಿ ಒಂದು ಸೇವೆ ಇತ್ತು. ಮಧ್ಯಾಹ್ನ ಸ್ವಾಮಿಗೆ ನೈವೇದ್ಯ ಇಡುವಾಗ ಗರ್ಭಗುಡಿಗೆ ತೆರೆ ಎಳೆಯುತ್ತಾರೆ. ಸ್ವಾಮಿ ಉಣ್ಣುವುದನ್ನು ಯಾರೂ ನೋಡುವಂತಿಲ್ಲ. ಒಳಗೆ ಹಬೆಯಾಡುವ ಅನ್ನ, ಪುಳಿಯೋಗರೆ, ಪಾಯಸ. ಅಷ್ಟು ಬಿಸಿ ಊಟ ಮಾಡುವಾಗ ಸ್ವಾಮಿಗೆ ಸೆಖೆಯಾಗಬಾರದಲ್ಲ! ಅದಕ್ಕೆ ತೆರೆಯ ಈಚೆ ಒಬ್ಬ ನಿಂತು, ಗಂಟೆ ಹೊಡೆದಾಗಿನಿಂದ ತೆರೆ ಸರಿಯುವವರೆಗೂ ಬಿದಿರ ಬೀಸಣಿಗೆಯಿಂದ ಗಾಳಿ ಹಾಕಬೇಕು. ಅಪ್ಪ ತೀರಿಕೊಂಡಾಗ ಕದಿರನಿಗೆ ಹನ್ನೆರಡು ವರ್ಷ. "ಕೈ ಸೋತರೆ ಕೈ ಬದಲಾಯಿಸಿಕೋ ಮಗಾ, ಬೀಸೋದು ಮಾತ್ರ ನಿಲ್ಲಿಸಬೇಡ" ಎಂದು ಹೇಳಿ ಅಪ್ಪ ಕಣ್ಣು ಮುಚ್ಚಿದ್ದ. ಅಂದಿನಿಂದ ಇನ್ನೂ ಹನ್ನೆರಡು ವರ್ಷ ಕದಿರ ಒಂದು ಮಧ್ಯಾಹ್ನವನ್ನೂ ತಪ್ಪಿಸಿರಲಿಲ್ಲ.

ಊರಿನವರು ಬಿಡುತ್ತಾರೆಯೇ? ಹೂ ಕಟ್ಟುವ ಹೆಂಗಸರು ಕಿಸಕ್ಕನೆ ನಗುತ್ತಿದ್ದರು.

"ಅಲ್ಲ ಕದಿರಣ್ಣ, ನಮ್ಮ ಮಾಲೆ ಸ್ವಾಮಿ ಕೊರಳಿಗೆ ಬೀಳ್ತದೆ. ಅಡುಗೆಯವರು ಮಾಡಿದ್ದು ಸ್ವಾಮಿ ಮುಂದೆ ಹೋಗ್ತದೆ. ನಿನ್ನ ಗಾಳಿ ಎಲ್ಲಿಗೆ ಹೋಗ್ತದೆ ಹೇಳು? ತೆರೆಗೆ ಬಡೀತದೆ, ತಿರುಗಿ ನಿನ್ನ ಮೂತಿಗೇ ಬರ್ತದೆ!"

ಕದಿರನೂ ನಗುತ್ತಿದ್ದ. ಆದರೆ ಮನೆಗೆ ಹೋಗುವಾಗ ಆ ಮಾತು ಒಳಗೆ ಕುಟುಕುತ್ತಿತ್ತು. ತಲುಪುತ್ತದೋ ಇಲ್ಲವೋ? ನೋಡಿದವರು ಯಾರು? ಇನ್ನೊಂದು ಗುಟ್ಟನ್ನು ಅವನು ಯಾರಿಗೂ ಹೇಳಿರಲಿಲ್ಲ. ಬೀಸುವಾಗ ಅವನು ಕಣ್ಣು ಮುಚ್ಚಿ ನಿಂತರೆ ಜನ ಅದನ್ನು ಭಕ್ತಿ ಎಂದುಕೊಳ್ಳುತ್ತಿದ್ದರು. ನಿಜವಾಗಿ ಎಷ್ಟೋ ದಿನ ಅವನಿಗೆ ಹಸಿವು. ತೆರೆಯ ಸಂದಿಯಿಂದ ಪುಳಿಯೋಗರೆಯ ವಾಸನೆ ಬರುತ್ತಿತ್ತು, ಸ್ವಾಮಿಯ ಜೊತೆಗೆ ಅದೂ ನೆನಪಾಗುತ್ತಿತ್ತು. ಇಂಥ ಸೇವೆ ಸೇವೆಯೇ ಎಂದು ಅವನಿಗೆ ನಾಚಿಕೆ.

ಆ ರಾಜ್ಯದ ಬಡಗಣ ದಿಕ್ಕಿನಲ್ಲಿ ಕರಿಗುಡ್ಡ ಎಂಬ ಬೆಟ್ಟ. ಬೆಟ್ಟದ ತುದಿಯ ಗವಿಯಲ್ಲಿ ಸ್ತಂಭಕನೆಂಬ ಮಾಯಾವಿ. ಅವನು ನೂರು ವರ್ಷದ ಹಿಂದೆ ತನ್ನ ಪ್ರಾಣವನ್ನು ಎದೆಯಿಂದ ತೆಗೆದು ಒಂದು ಹಣತೆಯ ಉರಿಯಲ್ಲಿ ಇಟ್ಟುಕೊಂಡಿದ್ದ. ಹಣತೆ ಉರಿಯುವವರೆಗೂ ಅವನಿಗೆ ಸಾವಿಲ್ಲ. ಎಣ್ಣೆಗೇನೂ ಕೊರತೆಯಿರಲಿಲ್ಲ, ಹೆದರಿಕೆಯೆಲ್ಲ ಗಾಳಿಯದು. ಒಂದು ದಿನ ಅವನು ಬೆಟ್ಟದ ನೆತ್ತಿಯ ಮೇಲೆ ನಿಂತು ದೊಡ್ಡ ತೊಗಲಿನ ಚೀಲವನ್ನು ಬಿಚ್ಚಿ ಹಿಡಿದು ಮಂತ್ರ ಹಾಕಿದ. ಕಣಗಿಲಾವತಿಯ ಮೂಡಣ ಗಾಳಿ, ಪಡುವಣ ಗಾಳಿ, ಸುಳಿಗಾಳಿ, ತಂಗಾಳಿ ಎಲ್ಲವೂ ಒಂದರ ಹಿಂದೆ ಒಂದು ಬಂದು ಚೀಲಕ್ಕೆ ಬಿದ್ದವು. ಅವನು ಬಾಯಿ ಕಟ್ಟಿ ಏಳು ಗಂಟು ಹಾಕಿದ.

"ಇನ್ನು ಈ ಸೀಮೆಯಲ್ಲಿ ನನ್ನ ಮಾತು ಮೀರಿ ಒಂದು ಉಸಿರೂ ಆಡುವುದಿಲ್ಲ! ಗಂಡಸಾದವರು ಬಂದು ನನ್ನ ದೀಪ ಆರಿಸಿರಿ ನೋಡೋಣ!" ಎಂದು ಕೂಗಿದ. ಆ ಕೂಗು ಊರೂರಿಗೂ ಕೇಳಿಸಿತು.

ಗಾಳಿ ಇಲ್ಲದ ರಾಜ್ಯದ ಪಾಡು ಏನು ಹೇಳಲಿ! ಕಣದಲ್ಲಿ ರೈತರು ಮೊರ ಎತ್ತಿ ರಾಗಿ ತೂರಿದರೆ ಹೊಟ್ಟೂ ಕಾಳೂ ಒಟ್ಟಿಗೇ ಕಾಲ ಮೇಲೆ ಬಿದ್ದವು. ಒಲೆಯ ಹೊಗೆ ಅಡುಗೆಮನೆ ಬಿಟ್ಟು ಏಳಲಿಲ್ಲ. ಕೊಳಲು ಊದುವವರು ಕೆನ್ನೆ ಉಬ್ಬಿಸಿ ಸುಮ್ಮನಾದರು. ಜನ ಉಸಿರನ್ನು ಬಾವಿಯಿಂದ ನೀರು ಸೇದಿದಂತೆ ಸೇದಿಕೊಳ್ಳಬೇಕಾಯಿತು. ದೊಡ್ಡವರು ಹೇಗೋ ಸೇದಿಕೊಂಡರು. ಕದಿರನ ಅಕ್ಕ ಗೋಪಕ್ಕನಿಗೆ ಆಗಷ್ಟೇ ಹೆರಿಗೆಯಾಗಿತ್ತು. ಅಂಗೈಯಗಲದ ಹೆಣ್ಣುಕೂಸು. ಅದಕ್ಕೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು? ಮೊದಲ ವಾರ ಅತ್ತಿತು. ಎರಡನೆಯ ವಾರ ಅಳುವುದಕ್ಕೂ ಉಸಿರು ಸಾಲದೆ ಬಾಯಿ ಮಾತ್ರ ತೆರೆಯಿತು.

ಮೊದಲು ಯುವರಾಜ ಬಂಗಾರದ ಚಾಮರ ಹಿಡಿದು ಕರಿಗುಡ್ಡಕ್ಕೆ ಹೋದ, ಬರಲಿಲ್ಲ. ಆಮೇಲೆ ರಾಜ್ಯಕ್ಕೇ ದೊಡ್ಡ ಜಟ್ಟಿ ಎದೆಯುಬ್ಬಿಸಿಕೊಂಡು ಹೋದ. "ಒಂದೇ ಊದಿಗೆ ಆರಿಸ್ತೀನಿ" ಎಂದಿದ್ದ, ಅವನೂ ಬರಲಿಲ್ಲ. ಕೊನೆಗೆ ಆಸ್ಥಾನದ ಪಂಡಿತರು ಮಂತ್ರಕ್ಕೆ ಪ್ರತಿಮಂತ್ರ ಹೇಳುತ್ತೇನೆಂದು ಹೋದರು. ಅವರ ಸುದ್ದಿಯೂ ಇಲ್ಲ.

ಇಷ್ಟಾದರೂ ಕದಿರ ದಿನಾ ಮಧ್ಯಾಹ್ನ ಗುಡಿಗೆ ಹೋಗಿ ಬೀಸುತ್ತಿದ್ದ. ಬೀಸಣಿಗೆ ಆಡುತ್ತಿತ್ತು, ತೆರೆಯ ಒಂದು ಎಳೆಯೂ ಅಲುಗುತ್ತಿರಲಿಲ್ಲ. ಒಂದು ದಿನ ಅರ್ಚಕರಾದ ವರದಾಚಾರ್ಯರೇ ಹೊರಗೆ ಬಂದು ಅವನ ಭುಜ ಮುಟ್ಟಿದರು.

"ಬೇಡಪ್ಪ ಕದಿರಯ್ಯ. ಗಾಳಿಯೇ ಇಲ್ಲದ ಮೇಲೆ ಯಾಕೆ ಕೈ ನೋಯಿಸಿಕೊಳ್ತೀಯ?"

"ಗಾಳಿ ಇಲ್ಲ ಅಂತ ನಂಗೂ ಗೊತ್ತು ಸ್ವಾಮಿ. ಸೆಖೆ ಇದೆಯಲ್ಲ! ಒಳಗೆ ಅವರಿಗೂ ಆಗ್ತಿರ್ತದೆ" ಎಂದ ಕದಿರ. ಆಚಾರ್ಯರು ಒಳಗೆ ಹೋದರು, ಕದಿರ ಬೀಸುತ್ತಲೇ ಇದ್ದ.

ಅಂದು ಮನೆಗೆ ಬಂದರೆ ಗೋಪಕ್ಕ ತೊಟ್ಟಿಲ ಪಕ್ಕದಲ್ಲಿ ಗೋಡೆಗೆ ಒರಗಿದ್ದಳು. ಮಗುವಿನ ತುಟಿ ನೀಲಿಗಟ್ಟಿತ್ತು.

"ಇನ್ನು ಮೂರು ದಿನ ಅಂತ ಸೂಲಗಿತ್ತಿ ಹೇಳಿ ಹೋದಳು ಕಣೋ" ಎಂದಳು ಗೋಪಕ್ಕ.

ಕದಿರ ಬೀಸಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. "ನಾನು ಹೋಗಿ ತರ್ತೀನಕ್ಕ."

"ಯುವರಾಜರು ಹೋದರು, ಜಟ್ಟಿ ಹೋದ. ನೀನು ಯಾವ ಲೆಕ್ಕವೋ ತಮ್ಮಾ?"

"ಯಾವ ಲೆಕ್ಕಾನೂ ಅಲ್ಲ. ಗಾಳಿ ಹಾಕೋದು ಬಿಟ್ಟು ನಂಗೆ ಬೇರೆ ಏನು ಬರ್ತದೆ ಹೇಳು?"

ಅವಳು ತಡೆಯಲಿಲ್ಲ. ತಡೆಯಲು ಅವಳಿಗೂ ಮನಸ್ಸು ಬರಲಿಲ್ಲ.

ಮೊದಲ ದಿನ ಕದಿರ ಕರಿಗುಡ್ಡದ ಬುಡಕ್ಕೆ ಬಂದ. ಅಲ್ಲಿ ದಾರಿಗೆ ಅಡ್ಡವಾಗಿ ಒಂದು ದೊಡ್ಡ ನವಿಲು. ಅದರ ಗರಿಯೆಲ್ಲ ಬಂಗಾರ.

"ಎಲ್ಲಿಗೆ ಹೊರಟೆ, ಬೀಸಣಿಗೆಯವನೇ?"

"ಗಾಳಿ ತರೋದಕ್ಕೆ. ನಮ್ಮಕ್ಕನ ಮಗು ಉಸಿರಾಡಬೇಕು."

"ಅಷ್ಟು ದೂರ ಯಾಕೆ ಹೋಗುತ್ತೀಯೆ? ಆ ಬಿದಿರನ್ನು ಎಸೆದು ನನ್ನ ಗರಿಯ ಬೀಸಣಿಗೆ ತೆಗೆದುಕೋ" ಎಂದು ನವಿಲು ಗರಿಗಳ ಬೀಸಣಿಗೆಯೊಂದನ್ನು ಮುಂದೆ ಇಟ್ಟಿತು. ಕದಿರ ತನ್ನ ಬೀಸಣಿಗೆಯನ್ನು ಸೊಂಟದಲ್ಲೇ ಬಿಟ್ಟು, ಗರಿಯದನ್ನು ಎತ್ತಿ ಒಮ್ಮೆ ಬೀಸಿದ. ಅಯ್ಯೋ, ಎಂಥ ಸುಖ! ತಿಂಗಳ ಮೇಲೆ ಮುಖಕ್ಕೆ ಗಾಳಿ ತಾಗಿತು. ಅವನ ಕಣ್ಣಲ್ಲಿ ನೀರೇ ಬಂದಿತು. ಇನ್ನೊಮ್ಮೆ ಬೀಸಿದ, ಮತ್ತೊಮ್ಮೆ ಬೀಸಿದ. ಆಮೇಲೆ ಮಗುವಿನ ನೆನಪಾಗಿ, ಪಕ್ಕದ ಗಿಡದ ಕಡೆಗೆ ತಿರುಗಿಸಿ ಬೀಸಿ ನೋಡಿದ. ಎಲೆ ಅಲುಗಲಿಲ್ಲ. ಆ ಬೀಸಣಿಗೆಯ ಗಾಳಿ ಹಿಡಿದವನ ಮುಖಕ್ಕೆ ಮಾತ್ರ.

"ಇದರಲ್ಲಿ ಇನ್ನೊಬ್ಬರಿಗೆ ಹಾಕೋಕೆ ಆಗೋದಿಲ್ಲವಲ್ಲ! ಇದನ್ನಿಟ್ಟುಕೊಂಡು ನಾನೇನು ಮಾಡಲಿ?" ಎಂದು ಕೆಳಗಿಟ್ಟ.

ನವಿಲು ತಲೆ ತಗ್ಗಿಸಿತು. "ನಾನು ಈ ದೇಶದ ಯುವರಾಜ. ಆ ಗಾಳಿಯ ಆಸೆಗೆ ನನ್ನ ಚಾಮರ ಎಸೆದೆ, ಹೀಗಾದೆ. ನೀನು ಹೋಗು" ಎಂದು ದಾರಿ ಬಿಟ್ಟಿತು.

ಎರಡನೆಯ ದಿನ ಬೆಟ್ಟದ ನಡುವಿಗೆ ಬಂದ. ಕಲ್ಲು ಕಾದು ಕಾಲು ಸುಡುತ್ತಿತ್ತು. ಅಲ್ಲಿ ದಾರಿ ತುಂಬ ಮಲಗಿದ್ದ ಒಂದು ಕಾಡುಹಂದಿ, ನಾಲಗೆ ಹೊರಗೆ ಹಾಕಿ ಏದುತ್ತಿತ್ತು.

"ಎಲ್ಲಿಗೆ ಹೊರಟೆ, ಬೀಸಣಿಗೆಯವನೇ?"

"ಗಾಳಿ ತರೋದಕ್ಕೆ. ನಮ್ಮಕ್ಕನ ಮಗು ಉಸಿರಾಡಬೇಕು."

"ಸಾಯುತ್ತಿದ್ದೇನೆ. ಸ್ವಲ್ಪ ಬೀಸಿ ಹೋಗು."

"ನನ್ನ ಬೀಸಣಿಗೆಯಲ್ಲಿ ಗಾಳಿ ಬರೋದಿಲ್ಲಪ್ಪ."

"ಆದರೂ ಬೀಸು" ಎಂದಿತು ಹಂದಿ.

ಕದಿರನಿಗೆ ಹೊತ್ತಾಗುತ್ತಿತ್ತು. ಹೊರಟುಬಿಡೋಣ ಅಂದರೆ ಹಂದಿಯ ಆ ಕಣ್ಣು ನೋಡಿಬಿಟ್ಟಿದ್ದ. ಬಿಸಿಲಲ್ಲಿ ಕೂತು ಬೀಸಿದ. ಬಲಗೈ ಸೋತಾಗ ಎಡಗೈಗೆ ಬದಲಾಯಿಸಿದ. ಹಂದಿಯ ಒಂದು ಕೂದಲೂ ಅಲುಗಲಿಲ್ಲ. ಆದರೂ ಸಂಜೆಯ ಹೊತ್ತಿಗೆ ಅದರ ಏದುಸಿರು ನಿಂತು, ನಿದ್ದೆ ಹತ್ತಿ, ಎಚ್ಚರವಾಯಿತು.

"ಗಾಳಿ ಬರಲಿಲ್ಲ, ನಿಜ" ಎಂದಿತು ಹಂದಿ. "ನಾನು ಜಟ್ಟಿ. ನನ್ನ ಎದೆಯಲ್ಲಿರುವ ಗಾಳಿ ನನ್ನದು ಎಂದು ಕೊಬ್ಬಿ ಬಂದು ಹೀಗಾದೆ. ಇಲ್ಲಿ ಬಿದ್ದ ಮೇಲೆ ನನ್ನ ಪಕ್ಕ ಕೂತವನು ನೀನೊಬ್ಬನೇ. ಹತ್ತು ನನ್ನ ಬೆನ್ನು." ಅದು ಅವನನ್ನು ಹೊತ್ತು ಕಡಿದಾದ ದಾರಿಯನ್ನೆಲ್ಲ ದಾಟಿಸಿ, ಗವಿಯ ಹತ್ತಿರ ಇಳಿಸಿತು.

ಮೂರನೆಯ ದಿನ ಬೆಳಗ್ಗೆ ಗವಿಯ ಬಾಯಿಗೆ ಬಂದ. ಬಾಗಿಲ ಮೇಲೆ ಒಂದು ಹಸಿರು ಗಿಳಿ.

"ಎಲ್ಲಿಗೆ ಹೊರಟೆ, ಬೀಸಣಿಗೆಯವನೇ?"

"ಗಾಳಿ ತರೋದಕ್ಕೆ. ನಮ್ಮಕ್ಕನ ಮಗು ಉಸಿರಾಡಬೇಕು."

"ನೀನೋ! ತೆರೆಗೆ ಗಾಳಿ ಹಾಕುವವನು!" ಗಿಳಿ ತಲೆ ಓರೆ ಮಾಡಿತು. "ನಾನು ಆಸ್ಥಾನ ಪಂಡಿತ. ಎಲ್ಲ ಶಾಸ್ತ್ರ ಓದಿದವನು. ವಿಚಾರ ಮಾಡಿ ಹೇಳುತ್ತೇನೆ ಕೇಳು. ಬೀಸಣಿಗೆಯ ಗಾಳಿ ಎರಡು ಮೊಳ ಹೋಗುತ್ತದೆ. ತೆರೆ ಒಂದು ಮೊಳದಲ್ಲಿದೆ. ಸ್ವಾಮಿ ಏಳು ಮೊಳ ಒಳಗಿದ್ದಾನೆ. ಹನ್ನೆರಡು ವರ್ಷ ನೀನು ಹಾಕಿದ್ದು ಒಂದೂ ತಲುಪಿಲ್ಲ. ಅದೂ ಪುಳಿಯೋಗರೆ ನೆನೆಯುತ್ತಾ ಹಾಕಿದ್ದು! ನಾಚಿಕೆಯಾಗಬೇಕು. ಮನೆಗೆ ಹೋಗು."

ಊರಿನವರು ತಮಾಷೆಗೆ ಹೇಳುತ್ತಿದ್ದುದನ್ನು ಗಿಳಿ ಅಳತೆ ಮಾಡಿ ಹೇಳಿತ್ತು. ಅದಕ್ಕಿಂತ ಹೆಚ್ಚಾಗಿ, ಅವನು ಯಾರಿಗೂ ಹೇಳದ ಗುಟ್ಟನ್ನೂ ಹೇಗೋ ತಿಳಿದು ಹೇಳಿತ್ತು. ಅವನು ಬಂಡೆಯ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತ. ಅತ್ತಾದ ಮೇಲೆ ಮೂಗು ಒರೆಸಿಕೊಂಡು ಎದ್ದ.

"ನೀವು ಓದಿದವರು, ನಿಮ್ಮ ಅಳತೆ ಸರಿಯಾಗೇ ಇರಬೇಕು ಪಂಡಿತರೇ. ಹಸಿವಾಗ್ತಿದ್ದಿದ್ದೂ ನಿಜ. ಬೀಸೋದು ನನ್ನ ಕೆಲಸ ಆಗಿತ್ತು, ಬೀಸಿದೆ. ತಗೊಳ್ಳೋದು ಬಿಡೋದು ಅವರಿಗೆ ಸೇರಿದ್ದು. ನಂಗೆ ದಾರಿ ಬಿಡಿ, ಮಗುವಿಗೆ ಇವತ್ತೇ ಕೊನೇ ದಿನ."

ಗಿಳಿ ಹಾರಿ ಪಕ್ಕದ ಕಲ್ಲಿಗೆ ಹೋಗಿ ದಾರಿ ಬಿಟ್ಟಿತು. ಪಂಡಿತ ವಾದ ಬಿಟ್ಟುಕೊಟ್ಟದ್ದು ಅದೇ ಮೊದಲು. ಕದಿರ ಗವಿಯ ಒಳಗೆ ಹೋದ.

ಗವಿಯ ನಡುವೆ ಕಲ್ಲಿನ ಗೂಡು. ಗೂಡಿನಲ್ಲಿ ಹಣತೆ. ಅದರ ಉರಿ ಗೆರೆ ಎಳೆದಂತೆ ನೆಟ್ಟಗೆ ನಿಂತಿತ್ತು. ಎದುರಿಗೆ ಸ್ತಂಭಕ, ಬೆಟ್ಟದಷ್ಟು ಮೈ, ಕೆಂಡದಂಥ ಕಣ್ಣು, ಪಕ್ಕದಲ್ಲಿ ಏಳು ಗಂಟಿನ ಚೀಲ. ಅವನು ದೀಪದಿಂದ ಕಣ್ಣು ಕೀಳಲಿಲ್ಲ.

"ಬಂದೆಯಾ? ಆರಿಸು" ಎಂದ.

ಕದಿರ ಬಾಯಿಂದ ಊದಿದ, ಅವನ ಉಸಿರು ತುಟಿ ದಾಟಿದ ಕೂಡಲೇ ಚೀಲದ ಕಡೆಗೆ ಹೋಯಿತು. ಹೆಗಲ ವಸ್ತ್ರ ಬೀಸಿದ, ಉರಿ ಅಲುಗಲಿಲ್ಲ. ಕೈ ಹಾಕಿ ಹೊಸಕಲು ಹೋದ, ಬೆರಳು ಉರಿಯೊಳಗೆ ಹಾಯ್ದು ಆಚೆ ಬಂತು, ದೀಪ ಹಾಗೆಯೇ ಇತ್ತು. ಸೊಂಟದ ಬೀಸಣಿಗೆ ತೆಗೆದು ರಟ್ಟೆ ಬೀಳುವಂತೆ ಬೀಸಿದ. ಏನೂ ಆಗಲಿಲ್ಲ.

"ಮೂಡಣದ್ದು ನನ್ನದು, ಪಡುವಣದ್ದು ನನ್ನದು, ನಿನ್ನ ಮೂಗಿನೊಳಗಿರುವುದೂ ನನ್ನದು" ಎಂದ ಸ್ತಂಭಕ. "ನನ್ನ ಗಾಳಿಯಿಂದ ನನ್ನ ದೀಪ ಆರಿಸಲು ಬಂದಿದ್ದೀಯಾ, ಮಂಕೇ!"

ಕದಿರ ಸೋತ. ಕಣ್ಣಿಗೆ ಕತ್ತಲೆ ಕವಿದು ಗವಿಯ ಗೋಡೆ ಹಿಡಿದು ನಿಂತ. ಅಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದ. ಬಹಳ ಕೆಳಗೆ, ಕೋಟೆಯ ನಡುವಿನಿಂದ, ಚೆನ್ನಮಾಧವಸ್ವಾಮಿಯ ನೈವೇದ್ಯದ ಗಂಟೆ ಕೇಳಿಸಿತು. ತೆರೆ ಎಳೆಯುವ ಹೊತ್ತು.

ಗಂಟೆ ಕೇಳಿದ್ದೇ ಕದಿರನ ಕಾಲು ತಾನಾಗಿ ತಿರುಗಿತು. ಎರಡು ದಿನದಿಂದ ಸೇವೆ ತಪ್ಪಿತ್ತು, ಅದೊಂದು ಸಂಕಟ ಬೇರೆ. ಮಾಯಾವಿಗೆ ಬೆನ್ನು ಹಾಕಿ, ದೀಪಕ್ಕೆ ಬೆನ್ನು ಹಾಕಿ, ಗವಿಯ ಬಾಯಲ್ಲಿ ಗುಡಿಯ ಕಡೆಗೆ ಮುಖ ಮಾಡಿ ನಿಂತ. ಗಾಳಿ ಕೊಡು ಎಂದು ಸ್ವಾಮಿಯನ್ನು ಕೇಳಬೇಕೆಂದೂ ಅವನಿಗೆ ಹೊಳೆಯಲಿಲ್ಲ.

"ಅನ್ನ ಬಿಸಿ ಇದೆ ಸ್ವಾಮಿ, ನಿಧಾನವಾಗಿ ಉಣ್ಣಿ" ಎಂದು ಮೆಲ್ಲಗೆ ಹೇಳಿ ಬೀಸತೊಡಗಿದ. ಅಪ್ಪ ಹೀಗೆಯೇ ಹೇಳುತ್ತಿದ್ದ, ಇವನೂ ದಿನಾ ಹೇಳುತ್ತಿದ್ದ.

ಒಂದು ಸಲ ಬೀಸಿದ. ಎರಡು ಸಲ ಬೀಸಿದ. ಮೂರನೆಯ ಸಲಕ್ಕೆ ಅವನ ಹಣೆಯ ಬೆವರು ತಣ್ಣಗಾಯಿತು.

ಗುಡಿಯ ಕಡೆಯಿಂದ ಗಾಳಿ ಬರುತ್ತಿತ್ತು. ಅದು ಬೆಟ್ಟದ ಗಾಳಿಯಲ್ಲ, ಹೊಳೆಯ ಗಾಳಿಯೂ ಅಲ್ಲ. ಸಣ್ಣಸಣ್ಣದಾಗಿ, ಅಳತೆಗೆ ಬಿದ್ದಂತೆ, ಒಂದು ಬೀಸು, ಸ್ವಲ್ಪ ಬಿಡುವು, ಮತ್ತೆ ಒಂದು ಬೀಸು. ಅದರಲ್ಲಿ ತುಳಸಿಯ ವಾಸನೆ ಇತ್ತು, ಕರ್ಪೂರದ್ದಿತ್ತು, ಬಿಸಿ ಪುಳಿಯೋಗರೆಯದೂ ಇತ್ತು. ಕದಿರನಿಗೆ ಗುರುತು ಸಿಕ್ಕಿತು. ಅದು ಅವನದೇ ಗಾಳಿ. ಹನ್ನೆರಡು ವರ್ಷ ಅವನು ತೆರೆಗೆ ಬೀಸಿದ್ದು. ಹನ್ನೆರಡರ ಹುಡುಗ ಎರಡು ಕೈಯಲ್ಲೂ ಹಿಡಿದು ಬೀಸಿದ್ದು ಅದರಲ್ಲಿತ್ತು, ಜ್ವರದಲ್ಲಿ ನಡುಗುತ್ತಾ ಬೀಸಿದ್ದು ಇತ್ತು, ನಿದ್ದೆಗಣ್ಣಲ್ಲಿ ಬೀಸಿದ್ದು, ಹಸಿವಿನಲ್ಲಿ ಬೀಸಿದ್ದು, ಗಾಳಿಯೇ ಇಲ್ಲದ ಈ ತಿಂಗಳಲ್ಲಿ ಬೀಸಿದ ಬರಿಯ ಬೀಸು ಕೂಡ ಇತ್ತು. ಒಂದೂ ಬಿಟ್ಟುಹೋಗಿರಲಿಲ್ಲ. ಎಲ್ಲವನ್ನೂ ಒಬ್ಬರು ತೆಗೆದಿಟ್ಟುಕೊಂಡಿದ್ದರು.

ಸ್ತಂಭಕ ಎದ್ದು ನಿಂತು ಮಂತ್ರ ಕೂಗಿದ. ಗಾಳಿ ನಿಲ್ಲಲಿಲ್ಲ. ಚೀಲ ಎತ್ತಿ ಹಿಡಿದ, ಗಾಳಿ ಒಳಗೆ ಹೋಗಲಿಲ್ಲ.

"ಇದು ಯಾರ ಗಾಳಿ? ಮೂಡಣದ್ದಲ್ಲ, ಪಡುವಣದ್ದಲ್ಲ, ನನ್ನ ಮಾತು ಕೇಳುತ್ತಿಲ್ಲ! ಹೇಳೋ, ಇದು ಯಾರದು?"

"ನಾನು ಕೊಟ್ಟಿದ್ದೆ" ಎಂದ ಕದಿರ. "ಈಗ ಅದು ಸ್ವಾಮಿಯದು."

ಆ ಗಾಳಿ ಕದಿರನ ಕೆನ್ನೆಯ ಪಕ್ಕದಲ್ಲೇ ಹಾದು ಗವಿಯೊಳಗೆ ಹೋಯಿತು. ನೂರು ವರ್ಷ ಆರದ ಉರಿ ಒಮ್ಮೆ ಬಾಗಿತು, ಒಮ್ಮೆ ಎದ್ದಿತು, ಆರಿತು.

ಏಳು ಗಂಟೂ ತಾವಾಗಿ ಬಿಚ್ಚಿಕೊಂಡವು. ಚೀಲದಿಂದ ಗಾಳಿಗಳೆಲ್ಲ ಹೋ ಎಂದು ಹೊರಬಿದ್ದು ಬೆಟ್ಟ ಇಳಿದು ಓಡಿದವು. ನವಿಲು ಯುವರಾಜನಾಯಿತು, ಹಂದಿ ಜಟ್ಟಿಯಾಯಿತು, ಗಿಳಿ ಪಂಡಿತನಾಯಿತು. ಸ್ತಂಭಕನ ಬೆಟ್ಟದಂಥ ಮೈ ಕರಗಿ, ಅಲ್ಲೊಬ್ಬ ಬಡಕಲು ಮುದುಕ ಉಳಿದ. ಪ್ರಾಣ ಅವನ ಎದೆಗೇ ತಿರುಗಿ ಬಂದಿತ್ತು. ಅವನು ಎದೆ ಮುಟ್ಟಿಕೊಂಡು ಒಂದು ಉದ್ದನೆಯ ಉಸಿರು ಎಳೆದ.

"ಉಸ್ಸಪ್ಪಾ! ಆರಿತೇ? ನೂರು ವರ್ಷ ಇದನ್ನು ಕಾಯುತ್ತಾ ಕೂತು ನಾನು ಕಣ್ಣು ಮುಚ್ಚಿಲ್ಲ. ನಿನಗೆ ಪುಣ್ಯ ಬರಲಿ ಮಾರಾಯ" ಎಂದವನೇ ನೆಲದ ಮೇಲೆ ಮಗ್ಗುಲಾಗಿ ಗೊರಕೆ ಹೊಡೆದ.

ಬುಡದಿಂದ ಬೆಟ್ಟ ಹತ್ತಿ ಬಂದ ಯುವರಾಜನು ಕತ್ತಿ ಹಿರಿದ. ಕದಿರ ಅಡ್ಡ ಬಂದ. "ಮಲಗಿದವರನ್ನು ಎಬ್ಬಿಸಬೇಡಿ ಬುದ್ಧೀ" ಎಂದು ಆ ಮುದುಕನನ್ನು ಜಟ್ಟಿಯ ಹೆಗಲಿಗೆ ಹೊರಿಸಿ ಊರಿಗೆ ಕರೆತಂದ.

ಕೋಟೆಯ ಬಾಗಿಲಲ್ಲೇ ಮಗುವಿನ ಅಳು ಕೇಳಿಸಿತು. ಮೂರು ಬೀದಿ ಆಚೆಯಿಂದ, ಕಿವಿ ಕಿತ್ತುಹೋಗುವ ಹಾಗೆ! ಕದಿರ ಓಡಿದ. ಗೋಪಕ್ಕ ಮಗುವನ್ನು ಎದೆಗವಚಿಕೊಂಡು ಅಂಗಳದ ಗಾಳಿಯಲ್ಲಿ ನಿಂತು ನಗುತ್ತಿದ್ದಳು, ಅಳುತ್ತಲೂ ಇದ್ದಳು. "ಬಂದ್ಯೇನೋ ತಮ್ಮಾ" ಎಂದು ಮಗುವನ್ನು ಅವನ ಮುಂದೆ ಹಿಡಿದಳು. ಕದಿರ ಮಗುವಿನ ಕೆಂಪು ತುಟಿ ನೋಡಿದ, ಗುಡಿಯ ದಿಕ್ಕಿಗೆ ತಿರುಗಿ ಬೀದಿಯಲ್ಲೇ ಉದ್ದಕ್ಕೆ ಬಿದ್ದು ನಮಸ್ಕಾರ ಮಾಡಿದ. ಆ ದಿನ ಇಡೀ ಊರು ಅವನ ಹಿಂದೆ ಅಡ್ಡಬಿದ್ದು ನಮಸ್ಕರಿಸಿತು. ನಕ್ಕಿದ್ದ ಹೂವಿನ ಹೆಂಗಸರು ಎಲ್ಲರಿಗಿಂತ ಮುಂದಿದ್ದರು. ರಾಜ ಅರ್ಧ ರಾಜ್ಯ ಕೊಡುತ್ತೇನೆಂದ. ಕದಿರ ಕೈ ಮುಗಿದು, "ನಾಳೆ ಮಧ್ಯಾಹ್ನ ಸೇವೆಗೆ ಹೊತ್ತಾಗದ ಹಾಗೆ ನನ್ನನ್ನು ಬೇಗ ಬಿಟ್ಟುಕೊಟ್ಟರೆ ಸಾಕು ಮಹಾಸ್ವಾಮಿ" ಎಂದ.

ಮರುದಿನ ಗಂಟೆ ಹೊಡೆಯಿತು, ತೆರೆ ಬಿತ್ತು. ಕದಿರ ಬೀಸಣಿಗೆ ಎತ್ತಿದ. ಕಂಬದ ಮರೆಯಲ್ಲಿ ಆ ಬಡಕಲು ಮುದುಕ ನಿಂತಿದ್ದ. ಸ್ತಂಭಕನೆಂಬ ಹೆಸರನ್ನು ಬೆಟ್ಟದಲ್ಲೇ ಬಿಟ್ಟು ಬಂದಿದ್ದ.

"ಕದಿರಯ್ಯ, ನಾನೂ ಒಂದು ಸಲ ಹಾಕಬಹುದೇ? ಅಥವಾ ಬೇಡ ಬಿಡು. ಒಂದು ಸೀಮೆಯ ಗಾಳಿಯನ್ನೆಲ್ಲ ಕದ್ದ ಕೈ ಇದು. ಇದರಿಂದ ಹಾಕಿದ್ದು ಒಳಗೆ ತಲುಪೀತೇ?"

ಕದಿರ ಬೀಸಣಿಗೆಯನ್ನು ಅವನ ಕೈಗೆ ಇಟ್ಟ. ಮುದುಕನ ಬೆರಳು ಹಿಡಿಯ ಮೇಲೆ ಸರಿಯಾಗಿ ಕೂರುವಂತೆ ಮಡಿಸಿದ.

"ಹಾಕಿ ತಾತ. ಅನ್ನ ಬಿಸಿ ಇದೆ" ಎಂದ.

ಮುದುಕ ಬೀಸಿದ. ಬೀಸು ಓರೆಯಾಯಿತು. ಇನ್ನೊಮ್ಮೆ ಬೀಸಿದ. ತನ್ನ ಹತ್ತಿರ ಇದ್ದ ಗಾಳಿಯನ್ನು ಇನ್ನೊಬ್ಬರಿಗೆ ಕೊಟ್ಟದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ತೆರೆ ಸರಿಯುವ ಹೊತ್ತಿಗೆ ಅವನ ಗಡ್ಡವೆಲ್ಲ ಕಣ್ಣೀರಿನಲ್ಲಿ ನೆನೆದಿತ್ತು. "ನಾಳೆ ಎಷ್ಟು ಹೊತ್ತಿಗೆ ಬರಲಿ?" ಎಂದು ಕೇಳಿದ.

ಹೀಗೆ ಕಣಗಿಲಾವತಿಯವರು ಬೆಳೆದು, ಉಂಡು, ಒಬ್ಬರಿಗೊಬ್ಬರು ಆಗಿಬಂದು, ಬಹಳ ಕಾಲ ಸುಖವಾಗಿ ಬಾಳಿದರು. ಅವರನ್ನು ಕಾದವನು ಈ ಕತೆ ಹೇಳಿದ ನನ್ನನ್ನೂ ಕೇಳಿದ ನಿಮ್ಮನ್ನೂ ಕಾಯಲಿ.